ಮುಂಡರಗಿಯ ನಳದ ನೀರಿಗೆ ಕಾವಲು ಯಾರದು?

ಹಮ್ಮಿಗಿ ಬಳಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜು ಸಿಂಗಟಾಲೂರು ಏತ ನೀರಾವರಿ ಯೋಜನೆಯದು, ಅಂದರೆ ಜಲಸಂಪನ್ಮೂಲ ಇಲಾಖೆಯ ಲೆಕ್ಕ. ಪಂಪಿನ ಕರೆಂಟು ಹೆಸ್ಕಾಂನದು. ಆದರೆ ನಳ ಬರದಿದ್ದರೆ ಜನ ಖಾಲಿ ಕೊಡ ಹಿಡಿದು ನಿಲ್ಲುವುದು ಪುರಸಭೆ ಮುಂದೆಯೇ. ಅದು ತಪ್ಪೂ ಅಲ್ಲ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ನೀರು ಪೂರೈಕೆಯೂ ಒಂದು.

ರಕ್ಷಣೆ ಅಂದಕೂಡಲೇ ಟ್ಯಾಂಕಿಗೆ ಬೇಲಿ, ಗೇಟಿಗೆ ಬೀಗ, ಕ್ಯಾಮೆರಾ ನೆನಪಾಗುತ್ತವೆ. ಅವೂ ಇರಲಿ. ಆದರೆ ನಮ್ಮ ಭಾಗದಲ್ಲಿ ಕೊಳವೆಯ ದೊಡ್ಡ ಶತ್ರು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುವ ಈ ನೆಲ ಜಾಯಿಂಟುಗಳನ್ನು ಎಳೆದಾಡುತ್ತದೆ. ನೀರು ಬಿಟ್ಟಾಗ ಅಲ್ಲಿ ಸೋರುತ್ತದೆ. ಅಷ್ಟೇ ಆಗಿದ್ದರೆ ನಷ್ಟ ನೀರಿನದು ಮಾತ್ರ. ಆದರೆ ವಾಲ್ವ್ ಬಂದ್ ಮಾಡಿದ ಮೇಲೆ ಕೊಳವೆ ಖಾಲಿಯಾಗಿ ಒಳಗಿನ ಒತ್ತಡ ಇಳಿಯುತ್ತದೆ. ಆಗ ಪಕ್ಕದ ಗಟಾರದ ನೀರು ಅದೇ ಸಂದಿಯಿಂದ ಒಳಗೆ ಸೇರುತ್ತದೆ. ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ವಾಂತಿ-ಭೇದಿ ಹಬ್ಬುವುದಕ್ಕೆ ಇದೂ ಒಂದು ದಾರಿ. ಹಾಗಾಗಿ ಗಟಾರ ದಾಟುವ ಕೊಳವೆಗಳನ್ನು ಸರಿಸುವ ಕೆಲಸಕ್ಕೆ ನನ್ನ ಮಟ್ಟಿಗೆ ಕ್ಯಾಮೆರಾಕ್ಕಿಂತ ಮೊದಲು ದುಡ್ಡು ಸಿಗಬೇಕು.

ಎರಡನೆಯ ಶತ್ರು ಜೆಸಿಬಿ. ಕೇಬಲ್ ಹಾಕಲು ರಸ್ತೆ ಅಗೆಯುವವರು ಅನುಮತಿ ಕೇಳುವುದು ಪುರಸಭೆಯನ್ನೇ. ಅಗೆಯುವ ಮುನ್ನ ಕೊಳವೆ, ಕೇಬಲ್‌ಗಳ ಮಾಲೀಕರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಆದರೆ ಯಾವ ಓಣಿಯಲ್ಲಿ ವಾಲ್ವ್ ಎಲ್ಲಿದೆ ಎಂಬುದು ನೀರು ಬಿಡುವ ಹಳೇ ಸಿಬ್ಬಂದಿಯ ತಲೆಯಲ್ಲಷ್ಟೇ ಇದ್ದರೆ ಆ್ಯಪ್ ಏನು ಮಾಡೀತು? ಅವರು ನಿವೃತ್ತರಾಗುವ ಮೊದಲೇ ನಕ್ಷೆ ಕಾಗದಕ್ಕೆ ಇಳಿಯಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಂ ಸ್ಥಳೀಯ ಸಂಸ್ಥೆಗೆ ಹೇಳುವುದು ಹೆಚ್ಚುಕಡಿಮೆ ಇಷ್ಟು: ಸಿಬ್ಬಂದಿಗೆ ತರಬೇತಿ ಕೊಡಿ, ಸಾಮಗ್ರಿ ಸಜ್ಜಾಗಿಡಿ. ಸಜ್ಜು ಏಕೆಂಬುದನ್ನು 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ ಕೆಳಹರಿವಿನ ಹೊಸಪೇಟೆ ಅಣೆಕಟ್ಟು ತೋರಿಸಿತು. 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ಅಡ್ಡ ಇಡುವ ಸ್ಟಾಪ್‌ಲಾಗ್‌ಗಳನ್ನು ಆಮೇಲೆ ಮಾಡಿಸಿ ತರಬೇಕಾಯಿತು. ಅಷ್ಟರಲ್ಲಿ ಅಪಾರ ನೀರು ಹರಿದುಹೋಗಿತ್ತು. ಊರಿನ ಮಟ್ಟದಲ್ಲಿ ಇದರ ಅರ್ಥ ಇನ್ನೊಂದು ಪಂಪು, ಕೊಳವೆ ಜೋಡಿಸುವ ನಾಲ್ಕು ಕಾಲರು, ಒಂದು ಜನರೇಟರು.

ಮನೆಯವರು ನೋಡಬಹುದಾದದ್ದು ಕ್ಲೋರಿನ್. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷಾ ಕಿಟ್‌ನ ಹನಿ ಹಾಕಿದಾಗ ನೀರು ಹಳದಿಯಾಗದಿದ್ದರೆ ಓಣಿಯ ಹೆಸರು, ನೀರು ಬಿಟ್ಟ ಹೊತ್ತು ಬರೆದು ಪುರಸಭೆಗೆ ಲಿಖಿತ ದೂರು ಕೊಡಿ.