ಯಕೃತ್ತಿನಲ್ಲಿ ಎರಡು ವಿಷಾಣುಗಳು: ಎಚ್.ಐ.ವಿ. ಸೋಂಕುಳ್ಳವರಲ್ಲಿ ಕಾಮಾಲೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಣ್ಣು ಹಳದಿಗಟ್ಟಿದರೆ ಜನರು ಅದನ್ನು ‘ಕಾಮಣಿ’ ಎನ್ನುವರು. ಒಡನೆಯೇ ಎಣ್ಣೆ, ಉಪ್ಪು, ಖಾರಗಳನ್ನು ಬಿಡಿಸುವುದು, ಬೆಳಗಿನ ಬರಿಹೊಟ್ಟೆಯಲ್ಲಿ ಸೊಪ್ಪಿನ ರಸವನ್ನು ಕುಡಿಸುವುದು, ಕೆಲವೆಡೆ ಉಳಿದ ಗುಳಿಗೆಗಳನ್ನೆಲ್ಲ ನಿಲ್ಲಿಸಿಬಿಡುವುದು, ಇವು ಉತ್ತರ ಕರ್ನಾಟಕದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಗಳು. ಕಲುಷಿತ ನೀರಿನಿಂದ ಬರುವ ಕಾಮಾಲೆಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಈ ಚಿಕಿತ್ಸೆಗೆ ಕೀರ್ತಿಯೂ ಸಂದಿದೆ. ಆದರೆ ಎಚ್.ಐ.ವಿ. ಸೋಂಕಿಗೆ ಔಷಧ ಸೇವಿಸುತ್ತಿರುವವರ ವಿಷಯದಲ್ಲಿ ಈ ಕೊನೆಯ ಪದ್ಧತಿಯು ಪ್ರಾಣಕ್ಕೆ ಎರವಾಗಬಹುದು. ಅದರ ಕಾರಣವನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಾಮಾಲೆಯು ಒಂದು ಲಕ್ಷಣವೇ ಹೊರತು ಒಂದು ರೋಗವಲ್ಲ. ಯಕೃತ್ತಿನ ಉರಿಯೂತಕ್ಕೆ ಕಾರಣವಾದ ವಿಷಾಣುಗಳಲ್ಲಿ ಮುಖ್ಯವಾದವು ಐದು. ಅವುಗಳನ್ನು ಎ, ಬಿ, ಸಿ, ಡಿ, ಇ ಎಂದು ಹೆಸರಿಸಲಾಗಿದೆ. ‘ಎ’ ಮತ್ತು ‘ಇ’ ನೀರು, ಆಹಾರಗಳ ಮೂಲಕ ಬರುವವು. ‘ಬಿ’ ಮತ್ತು ‘ಸಿ’ಗಳು ರಕ್ತದ ಮೂಲಕ ಹರಡುವವು, ಲೈಂಗಿಕ ಸಂಪರ್ಕದಿಂದಲೂ ತಾಯಿಯಿಂದ ಶಿಶುವಿಗೂ ಹರಡುವುದು ‘ಬಿ’ಯಲ್ಲಿ ಹೆಚ್ಚು. ‘ಡಿ’ ಎಂಬುದು ‘ಬಿ’ಯ ಆಸರೆಯಿಲ್ಲದೆ ಬಾಳಲಾರದು. ಎಚ್.ಐ.ವಿ. ಹರಡುವ ದಾರಿಗಳೂ ಇವೇ ಆಗಿರುವುದರಿಂದ ಒಬ್ಬನೇ ವ್ಯಕ್ತಿಯಲ್ಲಿ ಎರಡೂ ವಿಷಾಣುಗಳು ನೆಲೆಸುವುದು ಆಶ್ಚರ್ಯದ ಸಂಗತಿಯಲ್ಲ. ‘ಬಿ’ ವಿಷಾಣುವಿನ ಹೊರಕವಚದ ಅಂಶವನ್ನು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡು, ೧೯೬೫ರಲ್ಲಿ ಪ್ರಕಟಿಸಿದ ಬರೂಕ್ ಬ್ಲಂಬರ್ಗನಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇಂದಿಗೂ ರೋಗನಿದಾನದ ಮೊದಲ ಹೆಜ್ಜೆಯು ಆ ಅಂಶವನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಯೇ ಆಗಿದೆ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದಿದೆ. ‘ಬಿ’ ವಿಷಾಣುವು ಯಕೃತ್ತಿನ ಜೀವಕೋಶಗಳನ್ನು ಬಹುಮಟ್ಟಿಗೆ ತಾನೇ ಕೊಲ್ಲುವುದಿಲ್ಲ. ಸೋಂಕಿದ ಕೋಶಗಳನ್ನು ನಾಶಮಾಡುವುದು ಶರೀರದ ರಕ್ಷಣಾಶಕ್ತಿಯೇ. ಆರೋಗ್ಯವಂತ ಪ್ರೌಢರಲ್ಲಿ ಈ ಹೋರಾಟವು ಬೇಗನೆ ಮುಗಿದು, ನೂರಕ್ಕೆ ಐದಕ್ಕಿಂತ ಕಡಮೆ ಜನರಲ್ಲಿ ಮಾತ್ರ ಸೋಂಕು ಸ್ಥಿರವಾಗಿ ಉಳಿಯುವುದು. ಹುಟ್ಟುವಾಗಲೇ ಸೋಂಕಿದ ಶಿಶುಗಳಲ್ಲಾದರೋ ನೂರಕ್ಕೆ ತೊಂಬತ್ತರಷ್ಟು ಸ್ಥಿರವಾಗುವುದು. ಎಚ್.ಐ.ವಿ.ಯು ಆ ರಕ್ಷಣಾಶಕ್ತಿಯನ್ನೇ ಕುಂದಿಸುವುದರಿಂದ ಪ್ರೌಢರಲ್ಲಿಯೂ ಸೋಂಕು ಉಳಿದುಕೊಳ್ಳುವ ಸಂಭವ ಹೆಚ್ಚು. ಹೋರಾಟವು ಮಂದವಾಗಿರುವಾಗ ಕಣ್ಣು ಹಳದಿಯಾಗದೆಯೂ ಇರಬಹುದು. ಒಳಗೆ ವಿಷಾಣುವು ವೃದ್ಧಿಸುತ್ತಲೇ ಇರುವುದು. ಕಾಲಾಂತರದಲ್ಲಿ ಯಕೃತ್ತು ಗಟ್ಟಿಗೊಳ್ಳುವುದು, ಅದರಲ್ಲಿ ಅರ್ಬುದವು ಹುಟ್ಟುವುದು, ಇವು ಕೇವಲ ‘ಬಿ’ ಸೋಂಕುಳ್ಳವರಿಗಿಂತ ಇಂಥವರಲ್ಲಿ ಬೇಗನೆ ಸಂಭವಿಸುತ್ತವೆ.

ಚಿಕಿತ್ಸೆಯ ಇತಿಹಾಸವೂ ಬೋಧಪ್ರದವಾಗಿದೆ. ಭಾರತ ಸರಕಾರವು ೨೦೦೪ರ ಏಪ್ರಿಲಿನಲ್ಲಿ ಎಚ್.ಐ.ವಿ. ಔಷಧಗಳನ್ನು ಉಚಿತವಾಗಿ ಒದಗಿಸಲಾರಂಭಿಸಿತು. ಅಂದಿನ ಗುಳಿಗೆಗಳಲ್ಲಿ ‘ಬಿ’ ವಿಷಾಣುವನ್ನು ತಡೆಯಬಲ್ಲದ್ದು ಲ್ಯಾಮಿವುಡಿನ್ ಒಂದೇ. ಒಂದೇ ಔಷಧದ ಎದುರಿಗೆ ವಿಷಾಣುವು ತನ್ನ ರೂಪವನ್ನು ಬದಲಿಸಿಕೊಳ್ಳುವುದು ಸುಲಭ. ಎರಡೂ ಸೋಂಕುಗಳಿರುವವರಲ್ಲಿ ನಾಲ್ಕು ವರ್ಷಗಳೊಳಗೆ ನೂರಕ್ಕೆ ತೊಂಬತ್ತರಷ್ಟು ಜನರಲ್ಲಿ ಲ್ಯಾಮಿವುಡಿನ್ ನಿಷ್ಫಲವಾಗುವುದೆಂದು ಪಾಶ್ಚಾತ್ಯ ದೇಶಗಳ ಅನುಭವವು ತೋರಿಸಿತ್ತು. ಈಗ ಬಳಕೆಯಲ್ಲಿರುವ ಮೊದಲ ದರ್ಜೆಯ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳಿವೆ. ಇವುಗಳಲ್ಲಿ ಮೊದಲಿನ ಎರಡೂ ‘ಬಿ’ ವಿಷಾಣುವನ್ನು ಅಡಗಿಸಬಲ್ಲವು. ಹೀಗೆ ದಿನಕ್ಕೊಂದು ಗುಳಿಗೆಯು ಎರಡು ರೋಗಗಳಿಗೂ ಮದ್ದಾಗಿದೆ.

ಅಪಾಯವಿರುವುದೂ ಇಲ್ಲಿಯೇ. ಗುಳಿಗೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಅಡಗಿದ್ದ ‘ಬಿ’ ವಿಷಾಣುವು ಒಮ್ಮೆಲೇ ಹೆಚ್ಚಿ, ಚೇತರಿಸಿಕೊಂಡ ರಕ್ಷಣಾಶಕ್ತಿಯು ಅದರ ಮೇಲೆ ಎರಗಿ, ಯಕೃತ್ತಿಗೆ ತೀವ್ರವಾದ ಹಾನಿಯಾಗಬಹುದು. ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೋದ ಕೂಲಿಕಾರನು ಗುಳಿಗೆ ತೀರಿದರೂ ಸುಗ್ಗಿಗೆ ಊರಿಗೆ ಮರಳುವ ತನಕ ಸುಮ್ಮನಿರಬಹುದು. ನೆರೆಹೊರೆಯವರು ಕಂಡಾರೆಂಬ ಅಂಜಿಕೆಯಿಂದ ಹೆಣ್ಣುಮಗಳೊಬ್ಬಳು ತವರಿಗೆ ಹೋದಾಗ ಗುಳಿಗೆಯನ್ನು ಒಯ್ಯದಿರಬಹುದು. ಇಂಥವರಿಗೆ ತಮ್ಮ ರಕ್ತದಲ್ಲಿ ‘ಬಿ’ ಇದೆಯೆಂಬುದು ತಿಳಿದಿಲ್ಲವಾದರೆ ಅಪಾಯದ ಅರಿವೂ ಇರುವುದಿಲ್ಲ.

ಇನ್ನೊಂದು ತೊಡಕೆಂದರೆ ಗುಳಿಗೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವ ಕಾಮಾಲೆ. ಅದು ಔಷಧದ ದುಷ್ಪರಿಣಾಮವಾಗಿರಬಹುದು. ರಕ್ಷಣಾಶಕ್ತಿಯು ಮರಳಿ ಬಂದುದರ ಚಿಹ್ನೆಯಾಗಿರಬಹುದು. ಕ್ಷಯರೋಗದ ಔಷಧದಿಂದ ಬಂದಿರಬಹುದು. ನೀರಿನಿಂದ ಬಂದ ಹೊಸ ಸೋಂಕೂ ಆಗಿರಬಹುದು. ಕಣ್ಣಿನ ಬಣ್ಣವು ಇವುಗಳ ಭೇದವನ್ನು ಹೇಳಲಾರದು. ಹೇಳಬಲ್ಲದ್ದು ರಕ್ತಪರೀಕ್ಷೆ ಮಾತ್ರ. ಯಾವ ಔಷಧವನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯನೇ ನಿರ್ಣಯಿಸಬೇಕು. ಹಳ್ಳಿಯ ಮದ್ದಿನಲ್ಲಿ ಪ್ರಸಿದ್ಧವಾದ ನೆಲನೆಲ್ಲಿಯ ಬಗೆಗೆ ೧೯೮೮ರಲ್ಲಿ ಮದರಾಸಿನ ಸಂಶೋಧಕರು ಆಶಾದಾಯಕವಾದ ಫಲಿತಾಂಶವನ್ನು ಪ್ರಕಟಿಸಿದ್ದರು. ಆದರೆ ಅನಂತರ ಬೇರೆಡೆಗಳಲ್ಲಿ ನಡೆದ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ.

‘ಸಿ’ ವಿಷಾಣುವಿನ ಸಂಗತಿ ಬೇರೆ. ಅದಕ್ಕೆ ಲಸಿಕೆಯಿಲ್ಲ, ಆದರೆ ಹೊಸ ಗುಳಿಗೆಗಳನ್ನು ಸಾಮಾನ್ಯವಾಗಿ ಹನ್ನೆರಡು ವಾರ ಸೇವಿಸಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರು ಪೂರ್ಣವಾಗಿ ಗುಣಹೊಂದುವರು, ಎಚ್.ಐ.ವಿ. ಇರುವುದು ಇದಕ್ಕೆ ಅಡ್ಡಿಯಲ್ಲ. ‘ಬಿ’ಗೆ ಲಸಿಕೆಯಿದೆ, ದೇಶದ ಎಲ್ಲ ಶಿಶುಗಳಿಗೂ ಅದು ದೊರೆಯುವಂತಾದದ್ದು ೨೦೧೧ರ ಸುಮಾರಿಗೆ. ಆದುದರಿಂದ ಇಂದಿನ ಪ್ರೌಢರಲ್ಲಿ ಹೆಚ್ಚಿನವರು ಲಸಿಕೆ ಪಡೆದವರಲ್ಲ. ‘ಬಿ’ ಇಲ್ಲದ ಎಚ್.ಐ.ವಿ. ಸೋಂಕಿತರಿಗೆ ಲಸಿಕೆಯನ್ನು ಕೊಡಿಸುವುದು ಅವಶ್ಯ. ೨೦೧೮ರ ಜುಲೈ ೨೮ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ರೋಗಗಳ ಪರೀಕ್ಷೆ, ಚಿಕಿತ್ಸೆಗಳು ಉಚಿತ. ಎಚ್.ಐ.ವಿ. ಸೋಂಕಿತರ ವಿಷಯವನ್ನು ಗುಟ್ಟಾಗಿ ಕಾಪಾಡಬೇಕೆಂದು ವಿಧಿಸುವ ೨೦೧೭ರ ಕಾಯಿದೆಯು ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು.

ಮೇಲಿನ ವಿವೇಚನೆಯಿಂದ ಫಲಿಸುವ ಮಾತು ಇಷ್ಟೇ: ಎಚ್.ಐ.ವಿ. ಸೋಂಕುಳ್ಳ ಪ್ರತಿಯೊಬ್ಬರೂ ತಮ್ಮಲ್ಲಿ ‘ಬಿ’ ಮತ್ತು ‘ಸಿ’ಗಳಿವೆಯೇ ಎಂಬುದನ್ನು ಪರೀಕ್ಷೆಯಿಂದ ತಿಳಿದಿರಬೇಕು, ಕಾಮಾಲೆ ಕಂಡ ದಿನ ಗುಳಿಗೆಯನ್ನು ಬಿಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಾಲೇಜುಗಳಿಗೆ ಈ ನಾಲ್ಕು ತಾಲೂಕುಗಳ ಹಳ್ಳಿಗಳಿಂದಲೇ ವಿದ್ಯಾರ್ಥಿಗಳು ಬರುತ್ತಾರೆ. ಈ ಒಂದು ಮಾತನ್ನು ಅವರು ಮನೆಗೆ ಒಯ್ದರೆ ಕೆಲವು ಪ್ರಾಣಗಳಾದರೂ ಉಳಿದಾವು.