ಬೆನ್ನಿಗೆ ಚೀಲ, ಜೊತೆಗೆ ಗೆಳೆಯ: ಅದಕ್ಕೆ ಬ್ಯಾಂಕಾಕ್‌ ಆಗಲೇಬೇಕೆ?

ಓದು ಮುಗಿಸಿ ಕೆಲಸ ಹಿಡಿದ ಮಲೆನಾಡಿನ ಹುಡುಗ ಹುಡುಗಿಯರು ಈಗ ಬೆನ್ನಿಗೊಂದು ಚೀಲ ಏರಿಸಿ, ಗೆಳೆಯರೊಬ್ಬರನ್ನು ಜೊತೆ ಮಾಡಿಕೊಂಡು ಬ್ಯಾಂಕಾಕ್, ಹನೋಯ್, ಕ್ವಾಲಾಲಂಪುರಗಳಿಗೆ ಹೊರಡುತ್ತಿದ್ದಾರೆ. 2023ರ ನವೆಂಬರಿನಲ್ಲಿ ಥಾಯ್ಲೆಂಡ್, ಡಿಸೆಂಬರಿನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟ ಮೇಲಂತೂ ಹಾದಿ ಇನ್ನಷ್ಟು ಸಲೀಸಾಗಿದೆ. ಹೋಗಲಿ, ನೋಡಲಿ, ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅದರ ಜೊತೆ ಬೆಳೆಯುತ್ತಿರುವ ಒಂದು ನಂಬಿಕೆಯಲ್ಲಿ. ಬ್ಯಾಕ್‌ಪ್ಯಾಕಿಂಗ್ ಎನ್ನುವುದು ಆಗ್ನೇಯ ಏಷ್ಯಾದ ಗಿಜಿಗುಡುವ ನಗರಗಳಿಗಷ್ಟೇ ಒಪ್ಪುತ್ತದೆ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ತಾಲ್ಲೂಕುಗಳಲ್ಲಿ ಹಾಗೆ ತಿರುಗುವುದಕ್ಕೆ ಏನೂ ಇಲ್ಲ ಎಂಬ ನಂಬಿಕೆ ಅದು. ಕಡಿಮೆ ಖರ್ಚಿನ ಇಂಥ ತಿರುಗಾಟಕ್ಕೆ ನಿಜವಾಗಿ ಬೇಕಾದದ್ದು ಮೂರು: ಹತ್ತಿರ ಹತ್ತಿರ ಇರುವ ನೋಡತಕ್ಕ ಜಾಗಗಳು, ಜನಸಾಮಾನ್ಯರು ಓಡಾಡುವ ಬಸ್ಸು, ಪರಊರಿನವರನ್ನು ಬರಮಾಡಿಕೊಳ್ಳುವ ಜನ. ಮೂರೂ ಇಲ್ಲಿವೆ. ಇಲ್ಲದಿರುವುದು ತಿಳಿವಳಿಕೆ ಮಾತ್ರ.

ತಪ್ಪು ಕಲ್ಪನೆ: ಚೀಲ ಹೊತ್ತು ದೇಶ ಸುತ್ತುವುದು ಪರದೇಶದವರಿಂದ ಬಂದ ಹೊಸ ಅಭ್ಯಾಸ.

ಸತ್ಯ: ಶಿಕಾರಿಪುರ ತಾಲ್ಲೂಕಿನ ಕಲ್ಲುಗಳೇ ಇದಕ್ಕೆ ಉತ್ತರ ಹೇಳುತ್ತವೆ. ಐನ್ನೂರ್ವರು ಎಂಬ ವರ್ತಕರ ಸಂಘವನ್ನು ಬಣ್ಣಿಸುವ ಇಲ್ಲಿನ ಪ್ರಸಿದ್ಧ ಶಾಸನವೊಂದು, ಈ ವ್ಯಾಪಾರಿಗಳು ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ನಾನಾ ದೇಶಗಳನ್ನು ಸುತ್ತುತ್ತಿದ್ದರು ಎನ್ನುತ್ತದೆ. ಅವರ ಸರಕಿನ ಪಟ್ಟಿಯಲ್ಲಿ ಮುತ್ತು, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಇವೆ. ಅದನ್ನು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಿದ್ದರು ಎಂಬ ಮಾತು ಅದೇ ಶಾಸನದಲ್ಲಿದೆ. ಆ ಕಾಲದಲ್ಲಿ ಲವಂಗ ಬೆಳೆಯುತ್ತಿದ್ದದ್ದು ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಮಾತ್ರ. ಒಳ್ಳೆಯ ಕರ್ಪೂರಕ್ಕೆ ಹೆಸರಾಗಿದ್ದದ್ದು ಸುಮಾತ್ರದ ಬಾರುಸ್ ರೇವು. ಅದೇ ಬಾರುಸ್‌ನಲ್ಲಿ ಐನ್ನೂರ್ವರ ಸಂಘ 1088ರಲ್ಲಿ ತಮಿಳಿನಲ್ಲಿ ಒಂದು ಶಾಸನ ಹಾಕಿಸಿದೆ. ಅಂದರೆ ಆಗ್ನೇಯ ಏಷ್ಯಾದ ಪೇಟೆಗೂ ಶಿಕಾರಿಪುರ ಸೀಮೆಗೂ ನಂಟು ಬೆಳೆದು ಸಾವಿರ ವರ್ಷವೇ ಆಗುತ್ತಾ ಬಂತು.

ಅವರು ಹೋದದ್ದು ಲಾಭಕ್ಕೆ, ನೋಡುವ ಆಸೆಗಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಿದ್ದರೆ ಇದೇ ತಾಲ್ಲೂಕಿನ ತಾಳಗುಂದದ ಕಂಬವನ್ನು ಓದಬೇಕು. ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ, ಐದನೆಯ ಶತಮಾನದ ಆ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜ ಕವಿ. ಮಯೂರಶರ್ಮ ಗುರು ವೀರಶರ್ಮನ ಜೊತೆಗೂಡಿ ಓದಿಗಾಗಿ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಆ ಅವಮಾನವೇ ಕದಂಬ ರಾಜ್ಯದ ಹುಟ್ಟಿಗೆ ಕಾರಣವಾದದ್ದು ಅದರಲ್ಲಿದೆ. ಹನ್ನೆರಡನೆಯ ಶತಮಾನಕ್ಕೆ ಬಂದರೆ, ಶಿರಾಳಕೊಪ್ಪದ ಬಳಿಯ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದೇ ಹೋದಳೆಂದು ಪರಂಪರೆ ಹೇಳುತ್ತದೆ. ಓದಿಗೆ, ವ್ಯಾಪಾರಕ್ಕೆ, ಅರಿವಿಗೆ ಊರು ಬಿಟ್ಟು ಹೊರಡುವುದು ಈ ನೆಲಕ್ಕೆ ಹೊಸತಲ್ಲ.

ತಪ್ಪು ಕಲ್ಪನೆ: ಇಲ್ಲಿರುವುದು ಒಂದೆರಡು ಹಳೆಯ ಗುಡಿ, ಒಂದು ತಾಸು ಸಾಕು.

ಸತ್ಯ: ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯನ್ನು ಗುಡಿಯಿರುವ ಹಳ್ಳಿ ಎಂದು ನೋಡುವುದೇ ಈ ತಪ್ಪಿನ ಮೂಲ. ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾಸಿರ ಎಂಬ ಪ್ರಾಂತ್ಯದ ರಾಜಧಾನಿ, ಮಠ, ಬಸದಿ, ಪೇಟೆಗಳಿಂದ ತುಂಬಿದ ನಗರ. ಶೈವ, ವೈಷ್ಣವ, ಜೈನರ ಜೊತೆ ಬೌದ್ಧರಿಗೂ ಅಲ್ಲಿ ನೆಲೆಯಿತ್ತು. 1065ರಲ್ಲಿ ಕಟ್ಟಿದ ಬೌದ್ಧ ವಿಹಾರದ ದಾಖಲೆಯಿದೆ, ತಾರಾ ಭಗವತಿಯ ಮೂರ್ತಿ ಸಿಕ್ಕಿದೆ. ಅಲ್ಲಮಪ್ರಭುವಿನ ಊರು ಇದೇ. ಬೇಲೂರಿನಲ್ಲಿ ಕೆಲಸ ಮಾಡಿ ಹೆಸರು ಕೆತ್ತಿಟ್ಟ ದಾಸೋಜ ಮತ್ತು ಅವನ ಮಗ ಚಾವಣ ಈ ಊರಿನ ರೂವಾರಿಗಳು. ಮೂರು ಗರ್ಭಗುಡಿಗಳ ಕೇದಾರೇಶ್ವರ, ಜಾಲಂಧ್ರಗಳಲ್ಲೂ ಕುಣಿಯುವ ರೂಪಗಳನ್ನು ಬಿಡಿಸಿದ ತ್ರಿಪುರಾಂತಕೇಶ್ವರ, 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಸುಮಾರು ಮೂವತ್ತು ಅಡಿ ಎತ್ತರದ ಭೇರುಂಡೇಶ್ವರ ಕಂಬ ಇವೆಲ್ಲ ಆ ನಗರದ ಉಳಿಕೆಗಳು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ನಡೆಯುವವನಿಗೆ ಮಾತ್ರ ಹಳೆಯ ಪೇಟೆಯ ಅಳತೆ ಅಂದಾಜಿಗೆ ಸಿಗುತ್ತದೆ. ಕಾರಿನಲ್ಲಿ ಬಂದು ಫೋಟೊ ಹೊಡೆದು ಹೋಗುವವನಿಗೆ ಅದು ಸಿಗುವುದಿಲ್ಲ.

ಅಲ್ಲಿಂದ ಕೆಲವೇ ಕಿಲೋಮೀಟರಿನಲ್ಲಿ ತಾಳಗುಂದ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವೇ ಕನ್ನಡಕ್ಕೆ ಮೊದಲು ಎಂದು ಶಾಲೆಯಲ್ಲಿ ಕಲಿತವರು ಇಲ್ಲಿ ನಿಂತು ಯೋಚಿಸಬೇಕು. 2013ರ ಉತ್ಖನನದಲ್ಲಿ ಪ್ರಣವೇಶ್ವರ ದೇವಾಲಯದ ಬಳಿ ಸಿಕ್ಕ ಸಿಂಹ ಕಟಾಂಜನ, ಅಂದರೆ ಸಿಂಹದ ರೂಪ ಕೆತ್ತಿದ ತಡೆಗಲ್ಲಿನ ಮೇಲಿನ ಬರಹವನ್ನು ಭಾರತೀಯ ಪುರಾತತ್ವ ಇಲಾಖೆ ಕ್ರಿ.ಶ. 370ರ ಸುಮಾರಿನ, ಹಲ್ಮಿಡಿಗಿಂತ ಹಳೆಯ ಕನ್ನಡ ಬರಹವೆಂದು ಗುರುತಿಸಿದೆ. ಸೊರಬದ ಕಡೆ ಹೊರಳಿದರೆ ಆನವಟ್ಟಿಯ ಪಕ್ಕದ ಕುಬಟೂರಿನಲ್ಲಿ ಕೈಟಭೇಶ್ವರ, ಬೆಟ್ಟದ ನೆತ್ತಿಯಲ್ಲಿ ಕೋಟೆಯಿರುವ ಚಂದ್ರಗುತ್ತಿ, ಶ್ರೀಗಂಧ ಕೆತ್ತುವ ಗುಡಿಗಾರರ ಮನೆಗಳು. ಚಂದ್ರಗುತ್ತಿ ಎಂದೊಡನೆ ಇಂದಿಗೂ ಕೆಲವರು ಬೆತ್ತಲೆ ಸೇವೆಯ ಮಾತೆತ್ತುತ್ತಾರೆ. 1986ರ ಗಲಾಟೆಯ ನಂತರ ಸರ್ಕಾರ ಅದನ್ನು ನಿಷೇಧಿಸಿತು. ರೇಣುಕಾಂಬೆಯ ಗುಹಾಲಯಕ್ಕೆ ಮೆಟ್ಟಿಲೇರುವ ಭಕ್ತರನ್ನು ಆ ಹಳೆಯ ಸುದ್ದಿಯ ಕಣ್ಣಿನಿಂದ ನೋಡುವುದು ಅನ್ಯಾಯ.

ತಪ್ಪು ಕಲ್ಪನೆ: ಸ್ವಂತ ಗಾಡಿ ಇಲ್ಲದಿದ್ದರೆ ಇಲ್ಲಿ ತಿರುಗಲಾಗದು.

ಸತ್ಯ: ರೈಲು ಇಲ್ಲ ಎನ್ನುವುದು ಅರ್ಧ ನಿಜ. ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೋಗಬೇಕಾದ ಮಾರ್ಗ ಇನ್ನೂ ಪೂರ್ತಿಯಾಗಿಲ್ಲ. ಆದರೆ ಬೆಂಗಳೂರಿನಿಂದ ತಾಳಗುಪ್ಪದ ರೈಲು ಹತ್ತಿ ಶಿವಮೊಗ್ಗದಲ್ಲೋ ಸಾಗರದಲ್ಲೋ ಇಳಿದರೆ ಮುಂದಿನದು ಬಸ್ಸಿನ ದಾರಿ. ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಸಾಗರ ಇವು ಒಂದೇ ಸುತ್ತಿನಲ್ಲಿ ಬರುವ ಊರುಗಳು. ಶಿರಾಳಕೊಪ್ಪದಲ್ಲಿ ಇಳಿದರೆ ಬಳ್ಳಿಗಾವಿ ಎರಡು ಕಿಲೋಮೀಟರಿನ ನಡಿಗೆ. ಮಹಿಳೆಯರು ಒಂದು ವಿಷಯ ತಿಳಿದಿರಬೇಕು: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಿಗಷ್ಟೇ ಅನ್ವಯ. ಈ ಭಾಗದಲ್ಲಿ ಖಾಸಗಿ ಬಸ್ಸುಗಳ ಓಡಾಟ ಹೆಚ್ಚು, ಅದರಲ್ಲಿ ಟಿಕೆಟ್ ತೆಗೆಯಲೇಬೇಕು. ಬಸ್ಸು ತಡವಾಗುತ್ತದೆ, ಒಳಹಳ್ಳಿಗಳಿಗೆ ಸಂಜೆಯ ನಂತರ ಇರುವುದೇ ಇಲ್ಲ ಎಂಬ ದೂರು ನಿಜ. ಅದಕ್ಕೆ ಪರಿಹಾರವೂ ಸರಳ: ತಂಗುವುದನ್ನು ತಾಲ್ಲೂಕು ಕೇಂದ್ರದಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಹೊರಟು, ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತನ್ನು ಕಂಡಕ್ಟರನ್ನು ಕೇಳಿ ಗೊತ್ತುಮಾಡಿಕೊಳ್ಳುವುದು.

ತಪ್ಪು ಕಲ್ಪನೆ: ಮಳೆಗಾಲದಲ್ಲಿ ಈ ಕಡೆ ಬರಲೇಬಾರದು.

ಸತ್ಯ: ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಗುಡವಿ ಪಕ್ಷಿಧಾಮಕ್ಕೆ ಬೇಸಿಗೆಯಲ್ಲಿ ಹೋಗಿ ಬರಿಗೈಲಿ ಮರಳುವವರು ಈ ನಂಬಿಕೆಗೆ ಬಲಿಯಾದವರೇ. ಒಂದು ಚದರ ಕಿಲೋಮೀಟರಿಗಿಂತಲೂ ಚಿಕ್ಕದಾದ ಆ ಜಾಗದಲ್ಲಿ ಮಳೆ ಬಂದು ಕೆರೆ ತುಂಬಿ, ಮರಗಳ ಬುಡ ನೀರಿನಲ್ಲಿ ಮುಳುಗಿದಾಗಲೇ ಹಕ್ಕಿಗಳಿಗೆ ಧೈರ್ಯ. ಗೂಡಿಗೆ ಏರಿಬರುವ ಪ್ರಾಣಿಗಳ ಭಯ ಆಗ ಕಡಿಮೆ, ಮರಿಗಳಿಗೆ ಮೀನು, ಕಪ್ಪೆಯೂ ಧಾರಾಳ. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಜೂನ್‌ನಿಂದ ಮುಂದಿನ ತಿಂಗಳುಗಳಲ್ಲಿ. ಜಡಿಮಳೆಯ ದಿನ ಚಂದ್ರಗುತ್ತಿಯ ಕಲ್ಲು ಜಾರುತ್ತದೆ, ಆ ದಿನ ಬೆಟ್ಟ ಬಿಡಬೇಕು. ಹಾಗೆಂದು ಇಡೀ ಋತುವನ್ನೇ ಬಿಡುವುದಕ್ಕೆ ಅದು ಕಾರಣವಲ್ಲ.

ತಪ್ಪು ಕಲ್ಪನೆ: ಪ್ರವಾಸಿಗರು ತುಂಬಿದ ಊರೇ ಪರಊರಿನವರಿಗೆ ಕ್ಷೇಮ, ಹಿತ.

ಸತ್ಯ: ಪ್ರವಾಸಿಗರು ತುಂಬಿದಲ್ಲಿ ಅವರನ್ನೇ ನಂಬಿದ ಮೋಸವೂ ಇರುತ್ತದೆ. ಬ್ಯಾಂಕಾಕ್‌ನ ಗ್ರ್ಯಾಂಡ್ ಪ್ಯಾಲೇಸ್ ಎದುರು, ಅರಮನೆ ಇವತ್ತು ಮುಚ್ಚಿದೆ ಎಂದು ಸುಳ್ಳು ಹೇಳಿ ಟುಕ್ ಟುಕ್ ಹತ್ತಿಸಿ ಹರಳಿನ ಅಂಗಡಿಗೆ ಕರೆದೊಯ್ಯುವುದು ಎಲ್ಲರಿಗೂ ಗೊತ್ತಿರುವ ಹಳೆಯ ಆಟ. ಬಳ್ಳಿಗಾವಿಯಲ್ಲಿ ಅಂಥದ್ದು ನಡೆಯುವುದಿಲ್ಲ, ಏಕೆಂದರೆ ಅದರಿಂದ ಹೊಟ್ಟೆ ಹೊರೆಯುವವರೇ ಅಲ್ಲಿಲ್ಲ. ಇಬ್ಬರು ಹುಡುಗಿಯರು ಚೀಲ ಹೊತ್ತು ಬಂದರೆ ಜನ ದಿಟ್ಟಿಸುವುದಿಲ್ಲವೇ, ಯಾರ ಮಕ್ಕಳು, ಯಾವ ಊರು ಎಂದು ವಿಚಾರಿಸುವುದಿಲ್ಲವೇ ಎಂಬ ಪ್ರಶ್ನೆ ಸಹಜ. ವಿಚಾರಿಸುತ್ತಾರೆ, ಅದು ಕೆಲವರಿಗೆ ಮುಜುಗರವೂ ಆದೀತು. ಎಚ್ಚರ ಎಲ್ಲ ಕಡೆಯೂ ಬೇಕು: ಕತ್ತಲಾಗುವ ಮೊದಲು ಲಾಡ್ಜ್ ಸೇರುವುದು, ಆಧಾರ್ ಜೊತೆಯಲ್ಲಿಡುವುದು, ಎಲ್ಲಿದ್ದೇವೆಂದು ಮನೆಗೆ ತಿಳಿಸುವುದು. ಆದರೆ ಯಾವ ಊರು ಎಂಬ ಆ ಪ್ರಶ್ನೆಯೇ ಬಹಳ ಸಲ ಸರಿಯಾದ ಬಸ್ಸಿಗೂ, ಬೀಗ ಹಾಕಿದ ಗುಡಿಯ ಕೀಲಿಗೂ ದಾರಿ ಮಾಡಿಕೊಡುತ್ತದೆ. ಭಾಷೆ ಬಲ್ಲ ಕನ್ನಡಿಗರಿಗೆ ಹನೋಯ್‌ನಲ್ಲಿ ಸಿಗದ ಅನುಕೂಲ ಇದು.

ಬಂದವರನ್ನು ನೋಡಿಕೊಳ್ಳುವುದೂ ಇಲ್ಲಿನ ಹಳೆಯ ರೂಢಿ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠದಲ್ಲಿ ಯಾರಿಗೆಲ್ಲ ಅನ್ನವಿತ್ತು ಎಂದು ಎಣಿಸಿ ಹೇಳುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು. ಕಾಯಿಲೆ ಬಿದ್ದವರಿಗೆ ಮದ್ದಿನ ಏರ್ಪಾಡೂ ಅಲ್ಲಿತ್ತು. ಯಾರು, ಯಾವ ಪಂಥ ಎಂದು ಕೇಳಿ ಹೊರಗಿಟ್ಟ ಪಟ್ಟಿ ಅಲ್ಲ ಅದು, ಒಳಗೆ ಕರೆದವರ ಪಟ್ಟಿ.

ಕೊನೆಯ ಆಕ್ಷೇಪ ಸೌಕರ್ಯದ್ದು: ಬ್ಯಾಂಕಾಕ್‌ನ ಖಾವೊಸಾನ್ ರಸ್ತೆಯಂಥ ವ್ಯವಸ್ಥೆ ಇಲ್ಲಿಲ್ಲವಲ್ಲ? ಆ ರಸ್ತೆಯೂ ಹಿಂದೆ ಅಕ್ಕಿ ವ್ಯಾಪಾರದ ಬೀದಿಯಾಗಿತ್ತು. 1980ರ ದಶಕದಲ್ಲಿ ಬಂದ ಪ್ರವಾಸಿಗರಿಗೆ ಅಲ್ಲಿನ ಜನ ಅಗ್ಗದ ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದ ಮೇಲೆ ಅದು ಜಗತ್ತಿಗೆ ಗೊತ್ತಾಯಿತು. ಮೊದಲು ಜನ ಬಂದರು, ವ್ಯವಸ್ಥೆ ಅವರ ಹಿಂದೆ ಬಂತು. ಶಿಕಾರಿಪುರ, ಸೊರಬಕ್ಕೆ ಅಂಥ ಗದ್ದಲದ ಬೀದಿ ಬೇಕಿಲ್ಲ. ಬಸ್ ನಿಲ್ದಾಣದಲ್ಲಿ ನಿಜವಾದ ವೇಳಾಪಟ್ಟಿ, ಪ್ರತಿ ಸ್ಮಾರಕದ ಎದುರು ಶಾಸನದ ಸಾರವನ್ನು ತಿಳಿಗನ್ನಡದಲ್ಲಿ ಹೇಳುವ ಫಲಕ, ಒಂದು ಚೊಕ್ಕ ಶೌಚಾಲಯ, ಕೋಣೆ ಕೊಡಲು ಒಪ್ಪುವ ನಾಲ್ಕು ಮನೆ ಇಷ್ಟು ಸಾಕು. ಇದನ್ನು ಕೇಳಿ ಪಡೆಯಬೇಕಾದರೆ ಕೇಳುವವರು ಬರಬೇಕು. ಬ್ಯಾಂಕಾಕ್‌ಗೆ ಹೋಗುವವರು ಖಂಡಿತ ಹೋಗಲಿ; ಅದರ ಮೊದಲೋ ಆಮೇಲೋ ಅದೇ ಚೀಲ, ಅದೇ ಗೆಳೆಯರೊಡನೆ ಶಿರಾಳಕೊಪ್ಪದ ಬಸ್ಸನ್ನೂ ಹತ್ತಲಿ.