ಕ್ರೋಧದ ಗೆರೆ ಎಷ್ಟು ಕಾಲ?

ಬೇಸಿಗೆ ಬಂತೆಂದರೆ ಮಾನ್ವಿ, ದೇವದುರ್ಗಗಳ ಎರೆಹೊಲಗಳು ಬಿರಿಯುತ್ತವೆ. ಮಳೆಯಾದಾಗ ಆ ಬಿರುಕುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ರಾಯಚೂರು ಕೋಟೆಯ ಉದ್ದನೆಯ ಶಿಲೆಯ ಮೇಲೆ 1294ರಲ್ಲಿ ಕೊರೆದ ಅಕ್ಷರಗಳಾದರೋ ಏಳು ಶತಮಾನಗಳ ಮಳೆಗೂ ಅಳಿದಿಲ್ಲ. ಮನುಷ್ಯನ ಕ್ರೋಧವನ್ನು ಅಳೆಯಲು ಜೈನಾಚಾರ್ಯರು ಆಯ್ದುಕೊಂಡದ್ದು ಇಂತಹ ಗೆರೆಗಳನ್ನೇ.

ಮನುಷ್ಯನಲ್ಲಿರುವ ಆಕ್ರಮಣ ಪ್ರವೃತ್ತಿಯನ್ನು ಅರಿಯಲು ಇಂದಿನ ಮನೋವಿಜ್ಞಾನವು ಪ್ರಯೋಗ, ವೀಕ್ಷಣೆ, ಪ್ರಶ್ನಾವಳಿ ಮೊದಲಾದ ಮಾರ್ಗಗಳನ್ನು ಹಿಡಿದಿದೆ. 1961ರಲ್ಲಿ ಪ್ರಕಟವಾದ ಆಲ್ಬರ್ಟ್ ಬಂಡೂರ ಅವರ ಪ್ರಯೋಗದಲ್ಲಿ, ಹಿರಿಯರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಅದನ್ನೇ ಅನುಕರಿಸಿದರು. 1992ರಲ್ಲಿ ಬಸ್ ಮತ್ತು ಪೆರಿ ಎಂಬ ವಿದ್ವಾಂಸರು 29 ಹೇಳಿಕೆಗಳ ಪ್ರಶ್ನಾವಳಿ ರಚಿಸಿ ದೈಹಿಕ ಹಲ್ಲೆ, ಮಾತಿನ ಹಲ್ಲೆ, ಕೋಪ, ಹಗೆತನ ಎಂಬ ನಾಲ್ಕು ವಿಭಾಗಗಳನ್ನು ಗುರುತಿಸಿದರು. ಆದರೆ ಪ್ರಯೋಗಶಾಲೆ ಕಾಣುವುದು ಕೆಲವು ಗಳಿಗೆಯ ವರ್ತನೆಯನ್ನು ಮಾತ್ರ. ಪ್ರಶ್ನಾವಳಿಯ ಮುಂದೆ ಕುಳಿತವನು ತನ್ನ ದೋಷವನ್ನು ಮರೆಮಾಚಲೂಬಹುದು.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ವು ಕ್ರೋಧವನ್ನು ಕಲ್ಲು, ನೆಲ, ಧೂಳು, ನೀರುಗಳ ಮೇಲಿನ ಗೆರೆಗಳಿಗೆ ಹೋಲಿಸುತ್ತದೆ. ಕಷಾಯದ ಸಂಸ್ಕಾರ ಉಳಿಯುವ ಅವಧಿಯನ್ನೂ ಅದು ಹೇಳುತ್ತದೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗಿನ ಕಾಲ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಭವಭವಾಂತರ. ಕೊನೆಯದು ಸಮ್ಯಗ್ದರ್ಶನವನ್ನೇ ತಡೆಯುವಂಥದು.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದೆ ಅಣ್ಣತಮ್ಮಂದಿರಲ್ಲಿ ಜಗಳವಾಯಿತೆನ್ನೋಣ. ಅಣ್ಣ ಕೂಗಾಡಿದ, ಸಂಜೆಗೆ ಮರೆತು ತಮ್ಮನನ್ನು ಊಟಕ್ಕೆ ಕರೆದ. ತಮ್ಮ ಒಂದು ಮಾತನ್ನೂ ಆಡಲಿಲ್ಲ. ಆದರೆ ಮೂರು ವರ್ಷವಾದರೂ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ. ನೋಡುವವರ ಕಣ್ಣಿಗೆ ಅಣ್ಣನೇ ಉಗ್ರ. ಕ್ರೋಧ ಉಳಿದ ಕಾಲವನ್ನು ಎಣಿಸಿದರೆ ಹೆಚ್ಚು ಅಪಾಯದಲ್ಲಿರುವವನು ತಮ್ಮ.

ಈ ಅಳತೆಯನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸಿ ಫಲವಿಲ್ಲ. ಗೆರೆಯ ಆಳ ಬಲ್ಲವನು ಅದನ್ನು ಹೊತ್ತವನೇ. ಆದ್ದರಿಂದಲೇ ಪ್ರತಿಕ್ರಮಣವನ್ನು ದಿನಕ್ಕೆ, ಪಕ್ಷಕ್ಕೆ, ನಾಲ್ಕು ತಿಂಗಳಿಗೆ, ವರ್ಷಕ್ಕೆ ಎಂದು ವಿಧಿಸಲಾಗಿದೆ. ಅಲ್ಲಿ ಪರೀಕ್ಷಕನೂ ತಾನೇ, ಪರೀಕ್ಷೆಗೆ ಒಳಗಾಗುವವನೂ ತಾನೇ. ಮರೆಮಾಚಲು ಎದುರಿಗೆ ಯಾರೂ ಇಲ್ಲ. ದಶಲಕ್ಷಣ ಪರ್ವದ ನಂತರ ಬರುವ ಕ್ಷಮಾವಾಣಿಯ ದಿನ ಎಲ್ಲರಲ್ಲೂ ಕ್ಷಮೆ ಬೇಡುವ ಶ್ರಾವಕರು, ಯಾರೊಡನೆ ಮಾತು ನಿಂತಿದೆಯೋ ಅವರ ಬಾಗಿಲಿಗೇ ಮೊದಲು ಹೋಗುವುದು ಲೇಸು. ಎರೆಭೂಮಿಯ ಬಿರುಕಿಗೆ ಮಳೆ ಹೇಗೋ, ಮನದ ಬಿರುಕಿಗೆ ಕ್ಷಮೆ ಹಾಗೆ. ಗೆರೆ ಕಲ್ಲಿಗೆ ಇಳಿಯುವ ಮೊದಲೇ ಅದು ಸುರಿಯಬೇಕು.